ಈ ಕ್ರಿಸ್ಮಸ್‌ಗೆ ನನ್ನ ವೈನ್ ಇಲ್ಲ

ಮೊದಲು ನಡುಗಿದ್ದು ಬಲಗೈ. ಬೆಳಗ್ಗೆ ಮಗಳ ಟಿಫಿನ್ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದೆ. ಆಗಲಿಲ್ಲ. ಒತ್ತಿ ಹಿಡಿದೆ. ಇನ್ನೂ ಜೋರಾಗಿ ನಡುಗಿತು.

"ಮಮ್ಮಾ, ಯು ಆರ್ ಶೇಕಿಂಗ್," ಎಂದಳು ರಿಯಾ. ನಿದ್ದೆ ಸಾಲಲಿಲ್ಲ ಎಂದೆ. ಅವಳು ಶಾಲೆಗೆ ಹೋದ ಮೇಲೆ ಅಡುಗೆಮನೆಯ ಕಪಾಟು ತೆರೆದು ಅರ್ಧ ಲೋಟ ಕುಡಿದೆ. ನಡುಕ ನಿಂತಿತು.

ನನಗೆ ಹೆದರಿಕೆಯಾದದ್ದು ಆಗ.

ಕಪಾಟಿನಲ್ಲಿದ್ದದ್ದು ನಾನೇ ಮಾಡಿದ ದ್ರಾಕ್ಷಿ ವೈನ್. ಕುವೈತಿನಲ್ಲಿ ಮದ್ಯ ನಿಷೇಧವೆಂದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮಂಗಳೂರು ಕೆಥೊಲಿಕರ ಮನೆಗಳಲ್ಲಿ ಕ್ರಿಸ್ಮಸ್ ಎಂದರೆ ಕುಸ್ವಾರ್ ತಿಂಡಿಯ ಜೊತೆ ವೈನ್ ಇರಲೇಬೇಕು. ಅದನ್ನು ಕುಡಿತವೆಂದು ಯಾರೂ ಕರೆಯುವುದಿಲ್ಲ. ಹವಲ್ಲಿಯ ನಮ್ಮ ಫ್ಲ್ಯಾಟಿನಿಂದ ಹುಳಿ ವಾಸನೆ ಹೊರಗೆ ಹೋಗದಂತೆ ಬಾಗಿಲ ಸಂದಿಗೆ ಟವೆಲ್ ತುರುಕಿ ನಾನು ವೈನ್ ಇಡುತ್ತಿದ್ದೆ. ನನ್ನ ಕೈರುಚಿಗೆ ಹೆಸರಿತ್ತು. ಕ್ರಿಸ್ಮಸ್‌ಗೆಂದು ಶುರುವಾದದ್ದು ಈಸ್ಟರಿಗೂ ಬಂತು. ಆಮೇಲೆ ಯಾವ ಹಬ್ಬವೂ ಇಲ್ಲದ ಮಂಗಳವಾರಗಳಿಗೂ ಬಂತು.

ಆ ವಾರವೇ ಕ್ಲಿನಿಕ್ಕಿಗೆ ಹೋದೆ. ಡಾಕ್ಟರ್ ಕೇರಳದ ಹೆಂಗಸು. ನನ್ನ ಲಿವರ್ ಫಂಕ್ಷನ್ ಟೆಸ್ಟ್ ರಿಪೋರ್ಟ್ ನೋಡಿದವರು ಎದ್ದುಹೋಗಿ ಬಾಗಿಲು ಹಾಕಿ ಬಂದರು.

"ಡೂ ಯು ಡ್ರಿಂಕ್?"

"ನೋ ಡಾಕ್ಟರ್. ಮನೆಯ ವೈನ್ ಮಾತ್ರ."

"ಬೆಳಗ್ಗೆಯೂ?"

ಹೌದೆಂದು ತಲೆಯಾಡಿಸಿದೆ. ಇದು ಆಲ್ಕೋಹಾಲ್ ಡಿಪೆಂಡೆನ್ಸ್, ಕುಡಿತದ ಕಾಯಿಲೆ ಎಂದರು. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದೆಂದು ಮಾತ್ರೆ ಬರೆದುಕೊಟ್ಟು, ಪದೇ ಪದೇ ಕರೆಸಿ ನೋಡಿದರು. ಆ ದಿನಗಳಲ್ಲಿ ಬೆವರಿಗೆ ಹಾಸಿಗೆ ಒದ್ದೆಯಾಗುತ್ತಿತ್ತು, ಗಂಜಿ ಸಹ ವಾಂತಿಯಾಗುತ್ತಿತ್ತು. ಶುವೈಖ್‌ನಲ್ಲಿ ಸ್ಪೇರ್ ಪಾರ್ಟ್ಸ್ ಕಂಪೆನಿಯ ಲೆಕ್ಕ ಬರೆಯುವ ನನ್ನ ಗಂಡ ವಲೇರಿಯನ್ ರಜೆ ಹಾಕಿ ಪಕ್ಕದಲ್ಲಿ ಕುಳಿತರು. ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದವರೂ ಅವರೇ. ಇಷ್ಟನ್ನು ನಾನು ಮರೆಯುವುದಿಲ್ಲ.

ನಡುಕ ಹೋಯಿತು. ಆಸೆ ಹೋಗಲಿಲ್ಲ. ಸೂಪರ್‌ಮಾರ್ಕೆಟಿನಲ್ಲಿ ದ್ರಾಕ್ಷಿ ರಸದ ಸಾಲಿನ ಮುಂದೆ ನನ್ನ ಟ್ರಾಲಿ ತಾನಾಗಿ ನಿಲ್ಲುತ್ತಿತ್ತು. ಕುಡಿತ ಬಿಟ್ಟವರ ಗುಂಪು ಇಲ್ಲೂ ಇರಬಹುದು, ಹುಡುಕು ಎಂದರು ಡಾಕ್ಟರ್. ಫೋನಿನಲ್ಲಿ ಹುಡುಕಿ ಒಂದು ಈಮೇಲ್ ಕಳಿಸಿದೆ. ಮರುದಿನ ಫಿಲಿಪ್ಪೀನ್ಸಿನ ಒಬ್ಬ ಹೆಂಗಸು ಫೋನ್ ಮಾಡಿ, ಶುಕ್ರವಾರ ತನ್ನ ಮನೆಗೆ ಬರಲು ಹೇಳಿದಳು.

ವಲೇರಿಯನ್ ಬೇಡವೆಂದರು. "ಇದು ಕುವೈತ್, ಐರಿನ್. ಯಾರಾದ್ರೂ ಬಾಯಿ ಬಿಟ್ರೆ ಇಕಾಮಾ ಖಲಾಸ್, ಇಲ್ಲಿರುವ ಪರ್ಮಿಟ್ಟೇ ಹೋಗ್ತದೆ. ಮೂವರೂ ಮೂಟೆ ಕಟ್ಬೇಕಾದೀತು. ಮನೆಯಲ್ಲೇ ಜಪಸರ ಹೇಳು, ಸಾಕು."

"ಮನೆಯಲ್ಲಿ ಬಾಟ್ಲಿ ಸಾಲಾಗಿ ಇದ್ದಾಗ ನಿಮಗೆ ಹೆದರಿಕೆ ಇರ್ಲಿಲ್ಲ. ಬಿಡ್ಲಿಕ್ಕೆ ಹೊರಟಾಗ ಎಂತ ಹೆದರಿಕೆ?"

ಶುಕ್ರವಾರ ಬಂತು. ನಾನು ಟ್ಯಾಕ್ಸಿ ಮಾಡಿಕೊಂಡು ಹೋದೆ.

ಅವಳ ಮನೆಯದು ಸಾಮಾನ್ಯ ಹಾಲ್. ಪ್ಲಾಸ್ಟಿಕ್ ಕುರ್ಚಿಗಳು, ಕಪ್ಪು ಚಹಾ, ಜೋರಾಗಿ ಸದ್ದು ಮಾಡುವ ಎಸಿ. ಈಜಿಪ್ಟಿನ ಎಂಜಿನಿಯರ್ ಒಬ್ಬರು, ಸುಲೈಬಿಯಾದ ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬ ಪಂಜಾಬಿ, ಇನ್ನು ಕೆಲವರು. ನಾನು ಗೋಡೆ ಪಕ್ಕ ಕುಳಿತು, ನನ್ನದು ಅಂಥ ಕುಡಿತವಲ್ಲ, ಹಬ್ಬದ ವೈನ್ ಎಂದು ವಿವರಿಸಿದೆ. ಪಂಜಾಬಿ ನಕ್ಕುಬಿಟ್ಟ. "ನಾನು ಕೆಮ್ಮಿಗೆ ಅಂತ ಕುಡೀತಿದ್ದೆ, ಬೆಹನ್‌ಜಿ," ಎಂದ ಹಿಂದಿಯಲ್ಲಿ. ನನಗೆ ಸಿಟ್ಟು ಬಂತು. ಆಮೇಲೆ ನಗು ಬಂತು. ನಗುತ್ತಲೇ ಅಳು ಬಂತು. ಯಾರೂ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಅತ್ತು ಮುಗಿದ ಮೇಲೆ ಚಹಾ ಕೊಟ್ಟರು.

ಅಂದಿನಿಂದ ಶುಕ್ರವಾರ ತಪ್ಪಿಸಿಲ್ಲ. ಸ್ವಲ್ಪ ಸಮಯದ ನಂತರ ವಲೇರಿಯನ್ ತಾವೇ ಕಾರಿನಲ್ಲಿ ಬಿಡತೊಡಗಿದರು. ಆದರೆ ಪರಿಚಯದವರು ಕೇಳಿದರೆ, ನಾನು ಚರ್ಚಿನ ಕ್ವಾಯರ್ ಪ್ರಾಕ್ಟೀಸಿಗೆ ಹೋಗಿದ್ದೇನೆ ಎನ್ನುತ್ತಿದ್ದರು. ನನ್ನ ಸ್ವರ ಕೇಳಿದವರು ಯಾರೂ ಅದನ್ನು ನಂಬಲಾರರು. ಗುಂಪಿನಲ್ಲಿ ಉಳಿದವರ ಹೆಸರು ನಾನು ಸತ್ತರೂ ಹೇಳುವುದಿಲ್ಲ. ನನ್ನ ಕಾಯಿಲೆ ನನ್ನದು, ಅದನ್ನು ಹೇಳುವ ಹಕ್ಕೂ ನನ್ನದೇ. ಶುಗರ್ ಇದ್ದವರು ಶುಗರ್ ಉಂಟು ಎನ್ನುವುದಿಲ್ಲವೇ?

ನವೆಂಬರಿನಲ್ಲಿ ಸೆವ್ರಿನ್ ಫೋನ್ ಮಾಡಿದಳು. ಇಲ್ಲಿನ ನಮ್ಮವರಲ್ಲಿ ನನಗೆ ಹಳೆಯ ಗೆಳತಿ. ಮಾತು ಅವಳ ಬಾಯಿಯಲ್ಲಿ ನಿಲ್ಲುವುದಿಲ್ಲ.

"ವೈನ್ ಇಟ್ಟಾಯ್ತಾ ಮಾರಾಯ್ತಿ? ನನಗೆ ಈ ಸಲ ಜಾಸ್ತಿ ಬೇಕು."

ಫೋನ್ ಸ್ಪೀಕರಿನಲ್ಲಿತ್ತು. ವಲೇರಿಯನ್ ಬೇಡ ಬೇಡವೆಂದು ಕೈ ಆಡಿಸಿದರು.

"ಇಲ್ಲ, ಸೆವ್ರಿನ್. ಇನ್ನು ಮಾಡುದಿಲ್ಲ. ನನಗೆ ಕುಡಿತದ ಕಾಯಿಲೆ. ಬಿಟ್ಟಿದ್ದೇನೆ. ಪ್ರತಿ ಶುಕ್ರವಾರ ಗುಂಪಿಗೆ ಹೋಗ್ತೇನೆ."

ವಲೇರಿಯನ್ ಕುರ್ಚಿಗೆ ಕುಸಿದರು.

"ಅಯ್ಯೋ ದೇವಾ," ಎಂದಳು ಸೆವ್ರಿನ್. ಆಮೇಲೆ, "ಹಾಗಾದ್ರೆ ಮಾಡುವ ಕ್ರಮ ಆದ್ರೂ ಹೇಳು. ಕ್ರಿಸ್ಮಸ್‌ಗೆ ಎಂತಾದ್ರೂ ಬೇಕಲ್ಲ?"

"ಹೇಳುದಿಲ್ಲ," ಎಂದೆ. ಫೋನ್ ಇಟ್ಟೆ.

ರಿಯಾ ಸೋಫಾದಲ್ಲಿ ಬಿದ್ದು ನಗುತ್ತಿದ್ದಳು. ವಲೇರಿಯನ್ ಮಾತ್ರ ತಲೆಗೆ ಕೈ ಇಟ್ಟು ಕುಳಿತಿದ್ದರು. ಲಿವರ್ ರಿಪೋರ್ಟ್ ಇನ್ನೂ ಪೂರ್ತಿ ಸರಿಯಾಗಿಲ್ಲ. ನನ್ನ ಮೇಲೆ ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಆದರೂ ಆ ಹೊತ್ತಿಗೆ ನನಗೆ ಬಾಯಾರಿಕೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ನಾಳೆ ಬೆಳಗಾಗುವುದರೊಳಗೆ ಇಡೀ ಊರಿಗೆ ಗೊತ್ತಾಗ್ತದೆ," ಎಂದರು ವಲೇರಿಯನ್.

"ಗೊತ್ತಾಗಲಿ. ಬೇಕಾದವರು ಶುಕ್ರವಾರ ಗುಂಪಿಗೆ ಬರಲಿ. ಅಲ್ಲಿ ಕುರ್ಚಿ ಖಾಲಿ ಉಂಟು."