ಕೆರೆಗೆ ಬಿದ್ದ ಟೀ ಚಮಚ

ಮೀನು ಹಿಡಿಯುವ ವಿಷಯದಲ್ಲಿ ನನ್ನ ಮಾತನ್ನು ನೀವು ಧಾರಾಳವಾಗಿ ನಂಬಬಹುದು. ಮೀನು ಹಿಡಿದವರು ಅದರ ಉದ್ದವನ್ನು ಹೇಳಿದಷ್ಟು ಸಲವೂ ಒಂದೊಂದು ಇಂಚು ಬೆಳೆಸುತ್ತಾರೆ. ಹಿಡಿಯದವನಿಗೆ ಬೆಳೆಸಲು ಏನಿದೆ?

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು ಒಂದು ಕೆಲಸ, ಮಳೆ ಬರೆಯುವುದು ಇನ್ನೊಂದು. ಬೆಳಿಗ್ಗೆ ಏಳಕ್ಕೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಂಚು-ಸೆಂಟುಗಳಲ್ಲಿ ಬರೆಯಬೇಕು. ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು. ಇಷ್ಟು ಸಣ್ಣ ಅಳತೆಯಲ್ಲಿ ಲೋಕವನ್ನು ನೋಡಿ ಅಭ್ಯಾಸವಾದವನಿಗೆ ಗಾಳದ ಹುಚ್ಚು ಹತ್ತಿದರೆ, ಮೀನಿಗಿಂತ ಹೆಚ್ಚು ಟಿಪ್ಪಣಿಗಳು ಸಿಗುತ್ತವೆ.

ಎಸ್ಟೇಟಿನ ತಗ್ಗಿನಲ್ಲಿ ಏರಿ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆಯಿತ್ತು. ಫೆಬ್ರವರಿ ಕೊನೆಗೆ ಹೂಮಳೆ ಬಾರದಿದ್ದರೆ ಆ ಕೆರೆಯ ನೀರನ್ನೇ ಪಂಪಿನಿಂದ ಎತ್ತಿ, ಸ್ಪ್ರಿಂಕ್ಲರಿನಲ್ಲಿ ಗಿಡಗಳ ಮೇಲೆ ಹುಸಿಮಳೆ ಸುರಿಸುತ್ತಿದ್ದರು. ಕಾಫಿ ಮೊಗ್ಗು ಮೋಸ ಹೋಗಿ ಒಂಬತ್ತು-ಹತ್ತು ದಿನಕ್ಕೆ ಅರಳುತ್ತಿತ್ತು. ಆದರೆ ಮೋಸ ಪೂರ್ತಿಯಾಗಿರಬೇಕು. ಅರ್ಧ ನೆನೆಸಿ ಬಿಟ್ಟರೆ ಮೊಗ್ಗು ಅತ್ತ ಅರಳದೆ ಇತ್ತ ಮುಚ್ಚಿಯೂ ಇರದೆ ಕರಟಿಹೋಗುತ್ತದೆ, ಅದರೊಡನೆ ಆ ವರ್ಷದ ಫಸಲೂ.

ಕೆರೆಯಲ್ಲಿ ನಾನು ಮಾಡುತ್ತಿದ್ದುದೂ ಇಂಥದೇ ಮೋಸ, ಸಣ್ಣ ಪ್ರಮಾಣದಲ್ಲಿ. ಆ ಕಾಲದಲ್ಲಿ ನೀರು ಕನ್ನಡಿಯಷ್ಟು ತಿಳಿ. ಬೆಳಿಗ್ಗೆ ಹತ್ತರವರೆಗೆ ಮಂಜಿನ ಚಳಿಗೆ ಮೀನು ಅಲುಗುವುದಿಲ್ಲ. ಹತ್ತೂವರೆಗೆ ಬಿಸಿಲು ದಡದ ಜೊಂಡಿಗೆ ತಾಗಿದ ಮೇಲೆ ಕೊರವ ಮೀನು ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಮುಳುಗುತ್ತದೆ. ಎರೆಹುಳ ಹಾಕಿದರೆ ಬರುವುದು ಏಡಿ. ಹಾಗಾಗಿ ಹುಸಿ ಎರೆಗಳ ಮೊರೆ ಹೋದೆ. ಚಿಕ್ಕಮಗಳೂರಿನಿಂದ ತಂದ ಕೆಂಪು ಪುಕ್ಕದ ತಿರುಗಣಿಯನ್ನು ಕಂಡು ಮೀನುಗಳು ದೂರ ಸರಿದವು; ಅದು ಜೊಂಡಿಗೆ ಸಿಕ್ಕಿ ನೀರಲ್ಲೇ ಉಳಿಯಿತು. ತಿಳಿನೀರಿನಲ್ಲಿ ಆಡಂಬರ ನಡೆಯುವುದಿಲ್ಲ. ಕಾಫಿ ಗಿಡದ ಕೊಂಬೆಯಲ್ಲಿ ಕೆತ್ತಿದ ಕಪ್ಪೆಯ ಹತ್ತಿರ ಬಂದದ್ದು ಒಂದು ನಿಜವಾದ ಕಪ್ಪೆ. ಕೊನೆಗೆ ಮನೆಯ ಟೀ ಚಮಚದ ಹಿಡಿ ಕತ್ತರಿಸಿ, ತುದಿಗೆ ಮೂರು ಮುಳ್ಳಿನ ಗಾಳ ಕಟ್ಟಿದೆ. ಹೊಗೆಗೆ ಹಿಡಿದು ಹೊಳಪು ತಗ್ಗಿಸಿದ ಆ ಚಮಚವನ್ನು ನಿಧಾನವಾಗಿ ಎಳೆದರೆ, ಗಾಯಗೊಂಡ ಮರಿಮೀನಿನಂತೆ ಓಲಾಡುತ್ತಿತ್ತು. ಆರರಲ್ಲಿ ಒಂದು ಚಮಚ ಎಲ್ಲಿ ಹೋಯಿತೆಂದು ಹೆಂಡತಿ ಹುಡುಕಿದಳು. ನಾನೂ ಜೊತೆಗೆ ಹುಡುಕಿದೆ.

ಪಂಪ್ ನಡೆದಂತೆ ಕೆರೆ ದಿನಕ್ಕೊಂದು ಗೇಣು ಇಳಿಯುತ್ತದೆ. ಮೀನುಗಳು ಆಳ ಹುಡುಕಿಕೊಂಡು ಪಂಪಿನ ಪೈಪು ಇಳಿದಿರುವ ಗುಂಡಿಯಲ್ಲಿ ಸೇರುತ್ತವೆ. ಪೈಪಿನ ತುದಿಯಲ್ಲಿ ಕಸ ತಡೆಯುವ ಜರಡಿ, ಅದರೊಳಗೆ ಏರಿದ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್. ಅಲ್ಲಿಂದ ಹತ್ತು ಮಾರು ದೂರದೊಳಗೆ ಯಾರೂ ಗಾಳ ಹಾಕಬಾರದೆಂದು ಎಸ್ಟೇಟಿನ ಒಡೆಯರಾದ ಸಾಹುಕಾರರ ಅಪ್ಪಣೆಯಿತ್ತು. ನಾನು ಮೂರು ಮಾರಿನಿಂದ ಹಾಕಿದೆ. ಚಮಚ ಏನನ್ನೋ ಕಚ್ಚಿಕೊಂಡಿತು. ಎಳೆದೆ, ದಾರ ತುಂಡಾಯಿತು. ಮಾರುಗಟ್ಟಲೆ ನೈಲಾನ್ ದಾರವೂ ನನ್ನ ಚಮಚವೂ ಕೆಳಗೆ ಉಳಿದವು. ನಾನು ಮನೆಗೆ ಹೋಗಿ ಊಟ ಮಾಡಿದೆ.

ಮರುದಿನ ಹನ್ನೊಂದು ಗಂಟೆಗೆ, ಮೇಲಿನ ಬ್ಲಾಕಿಗೆ ನೀರು ಹಾರುತ್ತಿದ್ದಾಗ, ಪಂಪ್ ಕೆಮ್ಮತೊಡಗಿತು. ಸ್ಪ್ರಿಂಕ್ಲರುಗಳು ಸುತ್ತುವುದನ್ನು ಬಿಟ್ಟು ತಲೆ ಬಾಗಿಸಿದವು. ಪಂಪ್ ನೋಡಿಕೊಳ್ಳುತ್ತಿದ್ದವನು ಲೋಕಪ್ಪ, ನಲವತ್ತರ ಆಸುಪಾಸಿನ ಮಿತಭಾಷಿ. ಜೀಪಿನಲ್ಲಿ ಬಂದ ಸಾಹುಕಾರರು, ಜರಡಿ ಶುಚಿ ಮಾಡದೆ ಪಂಪ್ ಹಾಕಿದ್ದೀಯ, ಮೊಗ್ಗು ಕರಟಿದರೆ ಯಾರು ಹೊಣೆ ಎಂದು ಅವನನ್ನು ಎಲ್ಲರೆದುರು ಬೈದರು. ಅವನು ಹಿಂದಿನ ವಾರವಷ್ಟೇ ಶುಚಿ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಲೋಕಪ್ಪ ಅಂಗಿ ಬಿಚ್ಚಿದ.

ಈಗ ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಕೆಳಗೆ ಗಾಳವಿದೆ, ಮೂರು ಮುಳ್ಳಿನದು. ಇಷ್ಟೇ. ಬಾಯಿ ತೆರೆದೆ. ಹೊರಗೆ ಬಂದದ್ದು, "ನೀರು ತಣ್ಣಗಿರ್ತದೆ, ಹುಷಾರು ಲೋಕಪ್ಪ" ಎಂಬ ಮಾತು. ಸಾಹುಕಾರರೂ ಏನೋ ಹೇಳುವವರಂತೆ ಕಂಡರು, ಆಮೇಲೆ ನೀರನ್ನೇ ನೋಡುತ್ತ ನಿಂತರು.

ಅವನು ಮುಳುಗಿದ. ಅಳೆಯುವ ಚಟದವನು ನಾನು, ಎಣಿಸಿದೆ. ಇಪ್ಪತ್ತಕ್ಕೆ ಗುಳ್ಳೆಗಳು ಬಂದವು. ಮೂವತ್ತಕ್ಕೆ ಕೊಳೆತ ಸಿಲ್ವರ್ ಓಕ್ ಎಲೆಗಳು ತೇಲಿದವು. ಮೂವತ್ತೈದಕ್ಕೆ ಗುಳ್ಳೆ ನಿಂತಿತು. ಮೂವತ್ತಾರು, ಮೂವತ್ತೇಳು ಎಷ್ಟು ಉದ್ದವಿರುತ್ತವೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ನಲವತ್ತೊಂದಕ್ಕೆ ಅವನ ತಲೆ ಮೇಲೆ ಬಂತು. ಎಡಗೈಯಲ್ಲಿ ಎಲೆ ಸುತ್ತಿಕೊಂಡ ದಾರದ ದೊಡ್ಡ ಉಂಡೆ. ಬಲ ಅಂಗೈಯಿಂದ ನಮ್ಮ ಮನೆಯ ಟೀ ಚಮಚ ನೇತಾಡುತ್ತಿತ್ತು. ಒಂದು ಮುಳ್ಳು ಪೂರ್ತಿ ಒಳಗೆ ಹೋಗಿತ್ತು.

"ಅದು ನಂದು" ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದೆ.

ಲೋಕಪ್ಪ ದಡದಲ್ಲಿ ಕುಳಿತು ಉಸಿರು ತೆಗೆದುಕೊಂಡ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಕೆಲಸ ಕೆಟ್ಟವನ ಬೇಸರವಷ್ಟೇ ಇತ್ತು. "ಮೊದ್ಲೇ ಹೇಳಿದ್ರೆ ಕಟಿಂಗ್ ಪ್ಲೇಯರ್ ತಗಂಡು ಮುಳುಗ್ತಿದ್ದೆ ಮಾರಾಯ್ರೆ" ಎಂದ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಾಹುಕಾರರು ನನ್ನನ್ನು ಬೈಯಲಿಲ್ಲ. ಅದು ನನಗೆ ಆಗ ವಿಚಿತ್ರವಾಗಿ ಕಂಡಿತು. ಕಳಸದ ಡಾಕ್ಟರ ಹತ್ತಿರ ಹೋಗಲು ಜೀಪ್ ತಿರುಗಿಸುವಷ್ಟರಲ್ಲಿ ಲೋಕಪ್ಪ ಎಡಗೈಯಲ್ಲೇ ಪಂಪಿಗೆ ನೀರು ತುಂಬಿಸಿ ಚಾಲೂ ಮಾಡಿದ್ದ. ಮೇಲೆ ಸ್ಪ್ರಿಂಕ್ಲರುಗಳು ತಲೆಯೆತ್ತಿ ಸುತ್ತತೊಡಗಿದ ಮೇಲಷ್ಟೇ ಹತ್ತಿ ಕುಳಿತ. ಡಾಕ್ಟರು ಮುಳ್ಳನ್ನು ಇನ್ನೂ ಮುಂದಕ್ಕೆ ನೂಕಿ, ಹೊರಬಂದ ತುದಿಯ ಕೊಕ್ಕೆ ಕತ್ತರಿಸಿ, ಹಿಂದಕ್ಕೆ ಎಳೆದರು. ನಾನು ನೋಡುತ್ತಲೇ ಇದ್ದೆ. ಕಣ್ಣು ಮುಚ್ಚುವ ಹಕ್ಕು ನನಗಿಲ್ಲವೆನಿಸಿತ್ತು.

ಮರುದಿನ ಪಂಪ್‌ಹೌಸಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದೆ: "ಕೆರೆಯಲ್ಲಿ ಉಳಿದ ಗಾಳಗಳು." ಕೆಳಗೆ ನನ್ನ ಹೆಸರು, ಕೆಂಪು ಪುಕ್ಕದ ತಿರುಗಣಿ, ಜೊಂಡಿನ ಬಲಕ್ಕೆ, ಆಳ ಐದು ಅಡಿ. ಎರಡು ದಿನ ಆ ಪಟ್ಟಿಯಲ್ಲಿ ನಾನೊಬ್ಬನೇ ಪಾಪಿಯಾಗಿದ್ದೆ.

ಮೂರನೆಯ ಬೆಳಿಗ್ಗೆ ಕೆಳಗೆ ಇನ್ನೊಂದು ಸಾಲು ಇತ್ತು: "ಪೈಪಿನ ಎಡಕ್ಕೆ ಎರಡು ಮಾರು. ಕೆಂಪು ಬಿಳಿ ಚಮಚದ ಗಾಳ, ಎರಡು. ಹೋದ ವರ್ಷ." ಹೆಸರಿರಲಿಲ್ಲ. ಆದರೆ ಎಸ್ಟೇಟಿನಲ್ಲಿ ಅಷ್ಟು ಸೊಟ್ಟಗೆ ಬರೆಯುವ ಸ್ವಾತಂತ್ರ್ಯ ಇದ್ದದ್ದು ಒಬ್ಬರಿಗೇ. ಅವರು ಬರೆದ ಚೀಟಿಗಳನ್ನು ದಿನವೂ ಓದಿ ಜಾರಿಗೆ ತರುವುದು ನನ್ನ ಕೆಲಸವಾಗಿತ್ತು.

ಲೋಕಪ್ಪ ಬ್ಯಾಂಡೇಜಿನ ಕೈಯನ್ನು ಎದೆಗಾನಿಸಿಕೊಂಡು ಆ ಸಾಲನ್ನು ಎರಡು ಸಲ ಓದಿದ.

"ಕೈ ವಾಸಿ ಆಗೋದ್ರೊಳಗೆ ಬಾಕಿಯವ್ರೂ ಬರೀಲಿ ರೈಟ್ರೆ" ಎಂದ. "ಎಲ್ಲಾ ಒಟ್ಟಿಗೇ ಎತ್ತುವ."