ಬೇವಿನ ಮರದ ಕೆಳಗಿನ ಪರೀಕ್ಷೆ

ಸೊಸೆ ಅಡುಗೆಮನೆಯಿಂದಲೇ ಮೂರು ಸಾಮಾನು ಕೂಗಿ ಹೇಳಿದರೆ ನಾನು ಅಂಗಡಿಯಿಂದ ಒಂದನ್ನು ತರುತ್ತೇನೆ. ಎದುರು ಬಂದು ಹೇಳಿದರೆ ಮೂರೂ ಬರುತ್ತವೆ. ಇಷ್ಟಕ್ಕೆ ನನ್ನನ್ನು ಯಾರೂ ಮನೆಯಿಂದ ಹೊರಗೆ ಹಾಕಿಲ್ಲ. ನಾನು ಮಾತ್ರ ಇದೇ ತಪ್ಪಿಗೆ ಒಬ್ಬನ ಕೆಲಸ ಕಿತ್ತುಕೊಂಡಿದ್ದೆ.

ನಿಜಾಮರ ಕೊನೆಗಾಲ. ಹೈಸ್ಕೂಲು ಮುಗಿಸಿದ, ಉರ್ದು ಬರೆಯಬಲ್ಲ ಮಹಾಪಂಡಿತನಾಗಿ ಶಹಾಪುರದ ಕಡೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಸರ್ಕಾರದ ಹುಕುಮನ್ನು ನಾನು ಕನ್ನಡದಲ್ಲಿ ಹೇಳಬೇಕು. ಓದು ಬರದ ಮುದುಕನೊಬ್ಬ ಅದನ್ನು ತಲೆಯಲ್ಲಿಟ್ಟುಕೊಂಡು ಊರೂರಿಗೆ ನಡೆದು, ಹಲಗೆ ಬಾರಿಸಿ ಸಾರಬೇಕು. ಆಯುಷ್ಯವೆಲ್ಲ ಹಲಗೆ ಬಡಿದವನ ಕಿವಿ ಏನಾಗಿರುತ್ತದೆ ಎಂದು ಯೋಚಿಸುವುದು ನನ್ನ ಕೆಲಸವಲ್ಲ. ನನ್ನದು ಬರೆಯುವ ಕೆಲಸ.

ಒಮ್ಮೆ ದೋರನಹಳ್ಳಿಯಲ್ಲಿ ಅವನು ಒಂದು ಹುಕುಮು ಸಾರಿ ಎರಡನ್ನು ಬಿಟ್ಟ. ಮರೆವು ಬಂದಿದೆಯೇ ನೋಡಿ ಬರೆದುಕೊಡು ಎಂದರು ನಮ್ಮ ಕಚೇರಿಯ ಸಾಹೇಬರು.

ಪರೀಕ್ಷೆ ಕಚೇರಿಯ ಅಂಗಳದಲ್ಲಿ ನಡೆಯಿತು. ನಾನು ಕಟ್ಟೆಯ ಮೇಲೆ, ಬಾಯಿ ತುಂಬ ಎಲೆಯಡಿಕೆ. ಅವನ ಜಾತಿಯವರು ನಿಲ್ಲಬೇಕಾದ ಜಾಗ ಬೇವಿನ ಮರದ ಕೆಳಗೆ, ಇಪ್ಪತ್ತು ಹೆಜ್ಜೆ ದೂರ.

“ಸೋಮವಾರ ಜೋಳ ಚಾವಡಿಗೆ ತರಬೇಕು. ಈ ಸಲದ ಸಂತಿ ಗುರುವಾರ. ಸಿಡುಬಿನ ಡಾಕ್ಟರು ಬರಾಕತ್ತಾರ. ಹೇಳು ನೋಡೂಣು.”

“ಸೋಮವಾರ... ಜೋಳ...”

“ಮುಂದಿಂದು ನುಂಗಿದೇನೋ ಮುದುಕಾ?”

“ಎರಡು ಹೆಜ್ಜಿ ಮುಂದ ಬರ್ಲೇನ್ರಿ ಧಣಿ?”

“ಅಲ್ಲೇ ನಿಲ್ಲು. ಕಟ್ಟಿ ಮೈಲಿಗಿ ಮಾಡಬ್ಯಾಡ.”

ಮುದುಕನ ಬುದ್ಧಿ ನೆಟ್ಟಗಿಲ್ಲ ಎಂದು ಚಂದದ ಉರ್ದುವಿನಲ್ಲಿ ಬರೆದೆ.

ಸಂಜೆ ಕೆರೆಯ ದಾರಿಯಲ್ಲಿ ಅವನು ನನಗಾಗಿ ಕಾಯುತ್ತಿದ್ದ. ಮತ್ತೊಮ್ಮೆ ಕೇಳಿ ನೋಡಿರೆಂದು ಬೇಡಿದ. ಸುತ್ತ ಯಾರೂ ಇರಲಿಲ್ಲ. ಯಾರೂ ನೋಡದಿದ್ದಾಗ ನನ್ನ ಮಡಿ ಬಹಳ ಉದಾರಿ. ಪಕ್ಕದಲ್ಲೇ ನಿಂತು ಬೇರೆ ಮೂರು ಹುಕುಮು ಹೇಳಿದೆ. ಒಂದಕ್ಷರ ತಪ್ಪದೆ ಮೂರನ್ನೂ ತಿರುಗಿ ಹೇಳಿದ.

“ದೂರಿಂದ ಮಾತು ಹಿಡ್ಯಾಕನ ಎರಡೂ ಕೈ ಬೇಕಾಗ್ತಾವ್ರಿ. ಹಿಡಿದದ್ದು ಇಟ್ಕೊಳ್ಳಾಕ ಮೂರನೇ ಕೈ ಎಲ್ಲಿಂದ ತರ್ಲಿ? ಸಾಹೇಬ್ರಿಗೆ ಇಷ್ಟು ಹೇಳ್ರಿ. ಹಲಗಿ ಹೋದ್ರ ನನ್ನ ಯಾರೂ ಊರೊಳಗ ಕರಿಯಂಗಿಲ್ರಿ.”

ನಾನು ಬರೆದ ಕಾಗದ ಇನ್ನೂ ನನ್ನ ಜೇಬಿನಲ್ಲೇ ಇತ್ತು. ಹರಿದು ಬೇರೆ ಬರೆಯಲು ಒಂದು ಹಾಳೆ ಸಾಕಿತ್ತು. ಆದರೆ ಅವನ ಪಕ್ಕದಲ್ಲಿ ನಿಂತು ಮಾತಾಡಿದೆ ಎಂದೂ ಅದರಲ್ಲಿ ಬರೆಯಬೇಕಾಗುತ್ತಿತ್ತು.

ಮರುದಿನ ಅದೇ ಕಾಗದ ಕೊಟ್ಟೆ. ಹಲಗೆ ಆ ವಾರವೇ ಬೇರೆಯವನ ಕೊರಳಿಗೆ ಹೋಯಿತು. ಸಾಹೇಬರು ನನ್ನ ಅಕ್ಷರವನ್ನು ಬಹಳ ಹೊಗಳಿದರು.