ಮಲವಗೊಪ್ಪದ ಕೇಬಲ್ ನಕ್ಷೆ

ಶಿವಮೊಗ್ಗದಿಂದ ಮಲವಗೊಪ್ಪದ ಮೇಲೆ ಭದ್ರಾವತಿಗೆ ಹೋಗುವ ನಮ್ಮ ಇಲಾಖೆಯ ಫೋನ್ ಕೇಬಲ್ಲನ್ನು ರಸ್ತೆ ಅಗಲ ಮಾಡಿದಾಗಲೆಲ್ಲ ನಾನೇ ನಿಂತು ಪಕ್ಕಕ್ಕೆ ಹೂಳಿಸಿದ್ದೆ. ನಕ್ಷೆ ತಿದ್ದುವ ಕೆಲಸವನ್ನು ಮಾತ್ರ ನಾಳೆ ನಾಳೆ ಎಂದು ಬಿಟ್ಟಿದ್ದೆ. ಹಾಗಾಗಿ ಜೆಸಿಬಿ ಎಲ್ಲಿ ಕೇಬಲ್ ಕಿತ್ತರೂ ಹುಡುಕಲು ನಾನೇ ಹೋಗಬೇಕಿತ್ತು. ಮೊದಮೊದಲು ಅದರಲ್ಲಿ ಹೆಮ್ಮೆಯೂ ಇತ್ತು.

ಮೊಣಕಾಲು ನೋವು ಶುರುವಾದ ಮೇಲೆ, ಆಫೀಸಿನಲ್ಲಿ ಕೂತು ಮಾಡುವ ಹುದ್ದೆಗೆ ಅರ್ಜಿ ಕೊಟ್ಟೆ. ಸಾಹೇಬರು ನಕ್ಕರು. "ನಿಮ್ಮನ್ನ ಒಳಗೆ ಕೂರಿಸಿದ್ರೆ ಮಲವಗೊಪ್ಪದಲ್ಲಿ ಕೇಬಲ್ ಎಲ್ಲಿದೆ ಅಂತ ಯಾರನ್ನ ಕೇಳ್ಲಿ ಮಾರಾಯ್ರೆ?"

ನಕ್ಷೆ ಸರಿಮಾಡಿದರೆ ಬಿಡುಗಡೆ ಸಿಕ್ಕೀತೆಂದು ನಾಲ್ಕು ಭಾನುವಾರ ರಸ್ತೆಬದಿ ಅಳೆದೆ. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಹೆಂಡತಿ, "ಇಷ್ಟೊಂದು ಅಳೀತಿದೀರಲ್ಲ, ಪಹಣಿ ನಮ್ಮ ಹೆಸರಿಗೆ ಬರುತ್ತಾ?" ಎಂದು ಕೇಳಿದಳು.

ಸಾಹೇಬರು ಹೊಸ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದರು. ಪಕ್ಕದಲ್ಲೇ ನನ್ನ ಅರ್ಜಿಯೂ ಇತ್ತು. "ಎಷ್ಟು ಚೆನ್ನಾಗಿ ಮಾಡಿದೀರಿ! ಇನ್ನು ಭದ್ರಾವತಿಯಿಂದ ಆಚೆಗಿನ ನಕ್ಷೆನೂ ನೀವೇ ಮಾಡ್ಬೇಕು. ಬೇರೆಯವರ ಕೈಲಾಗಲ್ಲ" ಎಂದರು. ಅರ್ಜಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಆಯ್ತು ಸಾರ್" ಎಂದುಬಿಟ್ಟೆ.